ಕಿಟ್ಟೆಲ್ಲರ ಶ್ರದ್ಧೆಯೂ ಅವರ ನಿಘಂಟೂ

ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್ಲರ ವಿಷಯದಲ್ಲಿ ಕನ್ನಡಿಗರು ಒಂದು ವಿಭಾಗಪತ್ರವನ್ನೇ ಬರೆದುಕೊಂಡಿರುವಂತೆ ತೋರುತ್ತದೆ: ನಿಘಂಟು ಕನ್ನಡದ ಪಾಲಿಗೆ, ಪಾದ್ರಿತನ ಅವರ ಪಾಲಿಗೆ. ಪಂಡಿತನನ್ನು ಕೊಂಡಾಡುವವರು ಮತಪ್ರಚಾರಕನನ್ನು ಮರೆಯುತ್ತಾರೆ. ಮತಪ್ರಚಾರಕನನ್ನು ಮರೆಯಲಾರದವರು ಪಾಂಡಿತ್ಯವನ್ನೇ ಶಂಕಿಸುತ್ತಾರೆ. ಈ ಎರಡು ದೃಷ್ಟಿಗಳೂ ಅರ್ಧಸತ್ಯಗಳೆಂಬುದಕ್ಕೆ ಅವರ ಗ್ರಂಥಗಳೇ ಸಾಕ್ಷಿ.

1832 ರಲ್ಲಿ ಜರ್ಮನಿಯ ಉತ್ತರತೀರದ ಸೀಮೆಯಲ್ಲಿ ಹುಟ್ಟಿದ ಕಿಟ್ಟೆಲ್ಲರು ಬಾಸೆಲ್ ಮಿಶನ್ನಿನವರಾಗಿ 1853 ರಲ್ಲಿ ಭಾರತಕ್ಕೆ ಬಂದರು. ಇಪ್ಪತ್ತೊಂದು ವರ್ಷದ ತರುಣನಿಗಿದ್ದ ಹಂಬಲ ಒಂದೇ: ಕನ್ನಡಿಗರ ನಡುವೆ ಕನ್ನಡಿಗನಾಗಿ ಬಾಳಿ ತನ್ನ ಸ್ವಾಮಿಯನ್ನು ಸಾರಬೇಕು. ಎಲ್ಲರೊಡನೆ ಎಲ್ಲರಂತಾಗುವುದು ಸಂತ ಪೌಲನು ತೋರಿದ ಮಾರ್ಗವೆಂದು ತಿಳಿದು, ಕುದುರೆಯನ್ನು ಬಿಟ್ಟು ಕಾಲ್ನಡೆಯಲ್ಲಿ ಊರೂರು ತಿರುಗಿದರು. ಮಿಶನ್ನಿನ ಹಿರಿಯರಿಗೆ ಈ ನಡೆ ಹಿಡಿಸಲಿಲ್ಲ. ಹೀಗೆ ಅವರ ಶ್ರದ್ಧೆಗೆ ಮೊದಲ ಪರೀಕ್ಷೆಯೊದಗಿದುದು ಪರಮತೀಯರಿಂದಲ್ಲ, ಸ್ವಮತೀಯರಿಂದಲೇ.

1862 ರಲ್ಲಿ ಬಂದ 'ಕಥಾಮಾಲೆ' ಆ ಹಂಬಲದ ಕಾವ್ಯರೂಪ. ಕ್ರಿಸ್ತಚರಿತ್ರೆಯನ್ನು ಅವರು ಈ ದೇಶದ ಛಂದಸ್ಸಿನಲ್ಲಿ ಹೇಳಿದರು. ಹೊಸ ಅರ್ಥಕ್ಕೆ ಕನ್ನಡಿಗರ ಕಿವಿಗೆ ಹಳಗಿದ ಲಯವನ್ನು ಆರಿಸಿದುದು ಔಚಿತ್ಯವೇ ಸರಿ. ಆದರೆ ಶಬ್ದವೆಂಬುದು ಬರಿದಾದ ಪಾತ್ರೆಯಲ್ಲ. ಅದರಲ್ಲಿ ಪೂರ್ವಸಂಸ್ಕಾರದ ರಸ ಮೊದಲೇ ತುಂಬಿರುತ್ತದೆ. 'ದೇವರು', 'ಪಾಪ', 'ಮುಕ್ತಿ' ಎಂದೊಡನೆ ಕೇಳುವವನಿಗೆ ಹೊಳೆಯುವುದು ಅವನ ಮನೆಯ ಅರ್ಥವೇ ಹೊರತು ಹೇಳುವವನ ಗುಡಿಯ ಅರ್ಥವಲ್ಲ. ವಾಚ್ಯಾರ್ಥವನ್ನು ಕವಿ ಕಟ್ಟಬಹುದು, ಧ್ವನಿಯನ್ನು ಕಟ್ಟಿಹಾಕಲಾರನು. ಮತವನ್ನು ಭಾಷಾಂತರಿಸಹೊರಟ ಯಾವ ಭಕ್ತನಿಗೂ ಈ ತೊಡಕು ತಪ್ಪಿದ್ದಲ್ಲ.

ಈ ತೊಡಕಿಗೆ ಕಿಟ್ಟೆಲ್ಲರು ಕಂಡ ಪರಿಹಾರವೇ ಅವರ ಬಾಳಿನ ಸಾರ. ಹೇಳಬಂದವರು ಕೇಳಕುಳಿತರು. 1872 ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875 ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಶೋಧಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1894 ರಲ್ಲಿ ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಂದಿತು. ಧರ್ಮೋಪದೇಶದಲ್ಲಿ ಶಬ್ದಕ್ಕೆ ಒಡೆಯನು ಉಪದೇಶಕನು. ನಿಘಂಟಿನಲ್ಲಿಯಾದರೋ ನಿಘಂಟುಕಾರನು ಶಬ್ದಕ್ಕೆ ಸೇವಕನು. 'ಲಿಂಗ'ವೆಂದರೆ ಏನು, 'ಪ್ರಸಾದ'ವೆಂದರೆ ಏನು ಎಂಬುದನ್ನು ಪಾದ್ರಿಯ ಇಷ್ಟದಂತೆ ಬರೆಯಲಾಗದು. ಆಡುವವರು ಏನೆಂದು ಆಡುವರೋ ಹಾಗೆ ಬರೆಯಬೇಕು. ಒಲ್ಲದ ಅರ್ಥವನ್ನೂ ಕದಡದೆ ಕಾಪಾಡುವುದು ಸಾಮಾನ್ಯ ಸಂಯಮವಲ್ಲ. ಗಾದೆಗಳನ್ನೂ ದಾಸರ ಪದಗಳನ್ನೂ ಬಸವಪುರಾಣವನ್ನೂ ಅವರು ಪ್ರಮಾಣವೆಂದು ಬಳಸಿಕೊಂಡುದೇ ಈ ಮಾತಿಗೆ ಸಾಕ್ಷಿ.

ಪಾಠಶಾಲೆಗಳ ಪಂಡಿತರನ್ನು ಕೆಣಕಿದ ಅಂಶವೊಂದು ಈ ನಿಘಂಟಿನ ಪೀಠಿಕೆಯಲ್ಲಿದೆ. ದ್ರಾವಿಡಶಬ್ದಗಳು ಹಲವು ಸಂಸ್ಕೃತಕ್ಕೆ ಸೇರಿವೆಯೆಂದು ಸಾಧಿಸಿ ಅವರು ಪಟ್ಟಿಯನ್ನೇ ಕೊಟ್ಟರು. ಪಟ್ಟಿಯ ಎಲ್ಲ ಶಬ್ದಗಳೂ ನಿಲ್ಲುವುದಿಲ್ಲ. ಆದರೆ ಕೊಡುಕೊಳೆ ಎರಡು ಕಡೆಯಿಂದಲೂ ನಡೆದಿದೆಯೆಂಬ ಮೂಲತತ್ತ್ವವನ್ನು ಮುಂದಿನ ಭಾಷಾಶಾಸ್ತ್ರಜ್ಞರು ಒಪ್ಪಿದರು. ಗೀರ್ವಾಣವಾಣಿಗೆ ಇದರಿಂದ ಕುಂದಿಲ್ಲ. ಸಾಲ ಕೊಡುವ ಶಕ್ತಿ ತನಗೂ ಉಂಟೆಂದು ಕನ್ನಡಿಗನು ಅರಿತುದು ಮಾತ್ರ ಲಾಭ.

ಗುಣದೊಡನೆ ಕೊರತೆಯನ್ನೂ ಹೇಳುವುದು ವಿಮರ್ಶೆಯ ಧರ್ಮ. ಕಿಟ್ಟೆಲ್ಲರು ನೆಲಸಿ ದುಡಿದುದು ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿಗಳ ಕಡೆ. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ ಸೀಮೆಯಲ್ಲಲ್ಲ. ಈ ಜಿಲ್ಲೆಯ ಮಳಖೇಡದಲ್ಲಿ ನೃಪತುಂಗನ ಆಸ್ಥಾನದಿಂದ ಹೊರಟ 'ಕವಿರಾಜಮಾರ್ಗ'ವನ್ನು ಕೆ. ಬಿ. ಪಾಠಕರು ಅಚ್ಚಿಗೆ ತಂದುದು 1898 ರಲ್ಲಿ, ನಿಘಂಟು ಬಂದ ನಾಲ್ಕು ವರ್ಷಗಳ ಮೇಲೆ. ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದುದು 1923 ರಲ್ಲಿ. ಕನ್ನಡದ ಅತಿ ಹಳೆಯ ಲಕ್ಷಣಗ್ರಂಥವೂ ಶರಣರ ವಚನಸಂಪತ್ತೂ ಅಚ್ಚಿನಲ್ಲಿ ಅವರ ಮೇಜಿನ ಮೇಲೆ ಇರಲಿಲ್ಲ. ಮರಿಯಪ್ಪ ಭಟ್ಟರು ಮದರಾಸು ವಿಶ್ವವಿದ್ಯಾನಿಲಯದ ಮೂಲಕ 1968 ರಿಂದ 1971 ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದ ಪರಿಷ್ಕೃತ ಆವೃತ್ತಿಯೂ, ಅನಂತರ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳಲ್ಲಿ ತಂದ ನಿಘಂಟೂ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದವು.

ಆದರೂ ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿಯ ಚೀಲಗಳ ನಡುವೆ ನಿಂತವನಿಗೆ ಕಿಟ್ಟೆಲ್ಲರ ಔದಾರ್ಯದ ಬೆಲೆ ತಿಳಿಯುತ್ತದೆ. ಅಲ್ಲಿಯ ವ್ಯಾಪಾರಿಯ ನಾಲಗೆಯಲ್ಲಿ ಅಚ್ಚಗನ್ನಡದೊಡನೆ ಹಿಂದುಸ್ಥಾನಿಯೂ ಮರಾಠಿಯೂ ಬೆರೆತಿವೆ. ಇಂಥ ಬೆರಕೆಯನ್ನು ಮಡಿವಂತ ಪಂಡಿತನು ಹೊರಗಿಡಬಹುದಾಗಿತ್ತು. ಕಿಟ್ಟೆಲ್ಲರು ಆ ಮೂಲದ ಶಬ್ದಗಳಿಗೂ ಗುರುತು ಹಾಕಿ ಒಳಗೆ ಸೇರಿಸಿಕೊಂಡರು. ಜನರು ಆಡಿದ ಮಾತು ಯಾವುದೂ ಅವರಿಗೆ ಅಸ್ಪೃಶ್ಯವಾಗಲಿಲ್ಲ.

1896 ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. 1903 ರಲ್ಲಿ, ಅವರ ಕನ್ನಡ ವ್ಯಾಕರಣವು ಪ್ರಕಟವಾದ ವರ್ಷವೇ, ಅವರು ಅದೇ ಊರಿನಲ್ಲಿ ತೀರಿಕೊಂಡರು. ಮತಾಂತರಗೊಂಡವರ ಲೆಕ್ಕದಲ್ಲಿ ಅಳೆದರೆ ಅವರ ಬಾಳು ಸಫಲವೆನ್ನುವುದು ಕಷ್ಟ. ಆದರೆ ಪರದೇಶದಲ್ಲಿ, ತಮ್ಮ ಮತವನ್ನು ಒಪ್ಪದ ಜನರ ಮಾತನ್ನು, ಅದರ ಅರ್ಥ ಕೆಡದಂತೆ ದಶಕಗಳ ಕಾಲ ಕಾಯುವ ಬಲ ಬಂದುದು ಆ ಶ್ರದ್ಧೆಯಿಂದಲೇ. ಆದುದರಿಂದ ಆ ವಿಭಾಗಪತ್ರವನ್ನು ಹರಿದುಹಾಕುವುದೇ ನ್ಯಾಯ. ನಿಘಂಟನ್ನು ಕಪಾಟಿನಲ್ಲಿರಿಸಿಕೊಂಡ ಮನೆ, ಅದನ್ನು ಬರೆಯಿಸಿದ ನಂಬಿಕೆಯನ್ನು ಒಪ್ಪಬೇಕೆಂದಿಲ್ಲ, ಗೌರವಿಸಿದರೆ ಸಾಕು.