ಲಿಗ್ಯಾಂಡ್ ವಿನ್ಯಾಸದ ಚರಿತ್ರೆ: ಒಂದು ವಿಮರ್ಶೆ

ಎಥಿಲೀನ್ ಅನಿಲದ ಅಣುಗಳನ್ನು ಜೋಡಿಸಿ ದೀರ್ಘತರ ಒಲಿಫಿನ್‌ಗಳನ್ನು ಪಡೆಯುವ ವಿದ್ಯೆಯನ್ನು ಕುರಿತ ಬರಹಗಳ ಪೀಠಿಕೆಗಳಲ್ಲಿ ಒಂದು ಧೋರಣೆ ಎದ್ದು ಕಾಣುತ್ತದೆ. ಲೋಹದ ಪರಮಾಣುವಿಗೆ ಅಂಟಿಕೊಂಡು ಅದರ ವರ್ತನೆಯನ್ನು ತಿದ್ದುವ ಅಣುವನ್ನು, ಎಂದರೆ ಲಿಗ್ಯಾಂಡನ್ನು, ವಿಜ್ಞಾನಿಯು ಮೊದಲೇ ಯೋಚಿಸಿ ರಚಿಸಿದನು. ಬಯಸಿದ ಫಲ ದೊರೆಯಿತು ಎಂಬುದೇ ಆ ಧೋರಣೆ. ರಸಾಯನಶಾಸ್ತ್ರದಲ್ಲಿ ನಮಗೆ ಅಧಿಕಾರವಿಲ್ಲ. ಆದರೆ ಘಟನೆಗಳ ಪೌರ್ವಾಪರ್ಯವನ್ನು ಪರೀಕ್ಷಿಸುವುದು ಚರಿತ್ರಕಾರನ ಕರ್ತವ್ಯ. ಆ ಪರೀಕ್ಷೆಯಲ್ಲಿ ಈ ನಿರೂಪಣೆ ಪೂರ್ಣವಾಗಿ ನಿಲ್ಲದೆಂದು ನಮ್ಮ ಅಭಿಪ್ರಾಯ.

ಜರ್ಮನಿಯ ಮ್ಯೂಲ್ಹೈಮ್ ನಗರದಲ್ಲಿ ಕಾರ್ಲ್ ಜೀಗ್ಲರರು ಬಯಸಿದುದು ಉದ್ದನೆಯ ಸರಪಳಿಗಳನ್ನು. ಒಂದು ಪ್ರಯೋಗದಲ್ಲಿ ದೊರೆತುದು ಬ್ಯೂಟೀನ್. ಪಾತ್ರೆಯಲ್ಲಿ ಉಳಿದಿದ್ದ ನಿಕ್ಕಲ್‌ನ ಲೇಶವೇ ಕಾರಣವೆಂದು ಬಳಿಕ ತಿಳಿಯಿತು. ಇತರ ಲೋಹಗಳನ್ನೂ ಪರೀಕ್ಷಿಸಲು ಈ ವಿಫಲತೆಯೇ ಪ್ರೇರಣೆಯಾಗಿ, 1953ರಲ್ಲಿ ಪಾಲಿಎಥಿಲೀನಿನ ಹೊಸ ಮಾರ್ಗ ತೆರೆಯಿತು. 1963ರ ನೊಬೆಲ್ ಉಪನ್ಯಾಸದಲ್ಲಿ ಜೀಗ್ಲರರು ಈ ಆಕಸ್ಮಿಕವನ್ನು ಮರೆಮಾಚಲಿಲ್ಲ.

ಮುಂದೆ ಷೆಲ್ ಕಂಪೆನಿಯಲ್ಲಿ ವಿಲ್‌ಹೆಲ್ಮ್ ಕೈಮ್ ಮೊದಲಾದವರು ರಂಜಕ ಮತ್ತು ಆಮ್ಲಜನಕಗಳೆರಡರಿಂದಲೂ ನಿಕ್ಕಲನ್ನು ಹಿಡಿಯುವ ಲಿಗ್ಯಾಂಡನ್ನು ಬಳಕೆಗೆ ತಂದರು. ಇಲ್ಲಿ ವಿನ್ಯಾಸವಿದ್ದಿತು, ನಿಜ. ಆದರೆ ದೊರೆತುದು ನಾನಾ ಉದ್ದದ ಸರಪಳಿಗಳ ಮಿಶ್ರಣ. ಬೇಡಿಕೆಯಿಲ್ಲದ ಸರಪಳಿಗಳನ್ನು ಉಪಯುಕ್ತ ಗಾತ್ರಕ್ಕೆ ತರಲು ಕಾರ್ಖಾನೆಯಲ್ಲಿ ಬೇರೆ ಕ್ರಿಯೆಗಳೇ ಬೇಕಾದವು.

ಕ್ರೋಮಿಯಂ ಲೋಹದ ಕಥೆ ಇನ್ನೂ ಬೋಧಪ್ರದವಾದುದು. ಲೋಹವನ್ನೊಳಗೊಂಡ ಏಳು ಪರಮಾಣುಗಳ ಉಂಗುರವು ಒಡೆದು ಹೆಕ್ಸೀನ್ ಹೊರಬರುವುದೆಂಬುದು ಅಂಗೀಕೃತ ವಿವರಣೆ. ಉಂಗುರವು ಒಂಬತ್ತಕ್ಕೆ ಬೆಳೆದು ಆಕ್ಟೀನ್ ಕೊಡುವುದು ಅಸಂಭವವೆಂದೇ ಭಾವಿಸಲಾಗಿತ್ತು. 2002ರಲ್ಲಿ ಪ್ರಕಟವಾದ ಒಂದು ಲಿಗ್ಯಾಂಡಿನಲ್ಲಿ ಎರಡು ರಂಜಕಗಳ ನಡುವೆ ಸಾರಜನಕವಿದ್ದು, ರಂಜಕಕ್ಕೆ ಸೇರಿದ ಬೆಂಜೀನ್ ಉಂಗುರಗಳಲ್ಲಿ ಮೆಥಾಕ್ಸಿ ಗುಂಪುಗಳಿದ್ದವು; ಅದು ಹೆಕ್ಸೀನನ್ನು ಕೊಟ್ಟಿತು. 2004ರಲ್ಲಿ ಸ್ಯಾಸೋಲ್ ಕಂಪೆನಿಯ ಸಂಶೋಧಕರು ಪ್ರಕಟಿಸಿದಂತೆ, ಅದೇ ಎಲುಬಿನ, ಆದರೆ ಆ ಗುಂಪುಗಳಿಲ್ಲದ ಲಿಗ್ಯಾಂಡುಗಳಿಂದ ಸುಮಾರು ನೂರಕ್ಕೆ 70ರಷ್ಟು ಆಕ್ಟೀನ್ ದೊರೆಯಿತು. ಫಲ ಮೊದಲು ಬಂದಿತು. ವಿವರಣೆ ಅದನ್ನು ಹಿಂಬಾಲಿಸಿತು. ಕ್ರಿಯಾಕಾಲದಲ್ಲಿ ಕ್ರೋಮಿಯಂ ಯಾವ ಸ್ಥಿತಿಯಲ್ಲಿರುವುದೆಂಬುದು ಇಂದಿಗೂ ಚರ್ಚಾಸ್ಪದ.

ವಿನ್ಯಾಸವೆಂಬುದೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಅಕಸ್ಮಾತ್ತಾಗಿ ಕಂಡ ದಾರಿಯನ್ನು ಕ್ರಮವರಿತು ಹಿಗ್ಗಿಸುವುದೂ ವಿನ್ಯಾಸವೇ. ನಮ್ಮ ಆಕ್ಷೇಪ ಕಾಲಕ್ರಮವನ್ನು ತಿರುಗಿಸುವುದಕ್ಕೆ. ಗೆದ್ದ ಅರಸನ ಶಾಸನದಲ್ಲಿ ಗೆಲವು ಮೊದಲೇ ನಿಶ್ಚಿತವಾಗಿದ್ದಂತೆ ತೋರುವುದುಂಟು. ಚರಿತ್ರಕಾರನು ಅದನ್ನು ಹಾಗೆಯೇ ನಂಬುವುದಿಲ್ಲ. ಪೀಠಿಕೆಗಳನ್ನೇ ನಂಬಿದ ವಿದ್ಯಾರ್ಥಿಯು ತನ್ನ ಪಾತ್ರೆಯಲ್ಲಿ ಕಂಡ ಅನಿರೀಕ್ಷಿತ ಬ್ಯೂಟೀನನ್ನು ತಪ್ಪೆಂದು ಚೆಲ್ಲಿಬಿಟ್ಟಾನು. ಮ್ಯೂಲ್ಹೈಮಿನಲ್ಲಿ ಅದನ್ನು ಚೆಲ್ಲಲಿಲ್ಲ, ಕಾರಣವನ್ನು ಹುಡುಕಿದರು.