ಅರಿವಿನ ಅರಿವು: ಒಂದು ಮಾರ್ಗದರ್ಶಿಯ ವಿಮರ್ಶೆ

ಪಾಠ ಮುಗಿಸಿದ ಶಿಕ್ಷಕರು ‘ಅರ್ಥವಾಯಿತೇ?’ ಎಂದು ಕೇಳುತ್ತಾರೆ. ‘ಆಯ್ತು ಸಾರ್’ ಎಂದು ಇಡೀ ತರಗತಿ ಒಕ್ಕೊರಲಿನಿಂದ ಉತ್ತರಿಸುತ್ತದೆ. ಮಕ್ಕಳು ಸುಳ್ಳು ಹೇಳುತ್ತಿರುವುದಿಲ್ಲ. ಆ ಗಳಿಗೆಯಲ್ಲಿ ಅವರಿಗೆ ನಿಜವಾಗಿಯೂ ಅರ್ಥವಾದಂತೆ ಅನಿಸಿರುತ್ತದೆ. ಹೀಗೆ ಅನಿಸುವುದು ಎಷ್ಟರಮಟ್ಟಿಗೆ ನಂಬಲರ್ಹ ಎಂಬುದು ಮೆಟಾಕಾಗ್ನಿಷನ್ ಕುರಿತ ಅಧ್ಯಯನದ ಮುಖ್ಯ ಪ್ರಶ್ನೆಗಳಲ್ಲೊಂದು. ಅಮೆರಿಕದ ಮನೋವಿಜ್ಞಾನಿ ಜಾನ್ ಫ್ಲಾವೆಲ್ 1970ರ ದಶಕದಲ್ಲಿ ಬಳಕೆಗೆ ತಂದ ಈ ಪದವನ್ನು ಕನ್ನಡದಲ್ಲಿ ‘ಅರಿವಿನ ಅರಿವು’ ಎನ್ನಬಹುದು. ಕಲಿಯುವವನು ತನ್ನ ಕಲಿಕೆಯನ್ನು ತಾನೇ ಯೋಜಿಸಿ, ಗಮನಿಸಿ, ತಿದ್ದಿಕೊಳ್ಳುವುದು ಸ್ವನಿಯಂತ್ರಿತ ಕಲಿಕೆ.

ಈ ವಿಷಯದಲ್ಲಿ ಶಿಕ್ಷಕರ ನಡುವೆ ಹೆಚ್ಚು ಪ್ರಚಾರ ಪಡೆದ ಕೃತಿಗಳಲ್ಲಿ ಇಂಗ್ಲೆಂಡಿನ ಎಜುಕೇಷನ್ ಎಂಡೋಮೆಂಟ್ ಫೌಂಡೇಷನ್ 2018ರಲ್ಲಿ ಹೊರತಂದ ಮಾರ್ಗದರ್ಶಿಯೂ ಒಂದು. ಅಲೆಕ್ಸ್ ಕ್ವಿಗ್ಲಿ, ಡೇನಿಯಲ್ ಮೈಸ್ ಮತ್ತು ಎಲೀನರ್ ಸ್ಟ್ರಿಂಗರ್ ಇದರ ಲೇಖಕರು. ಏಳು ಶಿಫಾರಸುಗಳಿವೆ, ಭಾಷೆ ಸರಳವಾಗಿದೆ.

ಮಾರ್ಗದರ್ಶಿಯ ನಿಜವಾದ ಬಲ ಒಂದು ಮಾತಿನಲ್ಲಿದೆ: ‘ಯೋಚಿಸುವ ಕೌಶಲ’ ಎಂಬ ಬೇರೆ ಪಿರಿಯಡ್ ಬೇಡ, ಆಯಾ ವಿಷಯದ ಪಾಠದೊಳಗೇ ಇದನ್ನು ಕಲಿಸಿ, ಶಿಕ್ಷಕರು ತಮ್ಮ ಯೋಚನೆಯನ್ನು ಮಕ್ಕಳಿಗೆ ಕೇಳುವಂತೆ ಹೇಳುತ್ತಾ ಸಾಗಲಿ. ಇದು ಏಕೆ ಸರಿ ಎಂಬುದನ್ನು ನಮ್ಮದೇ ಉದಾಹರಣೆಯಿಂದ ನೋಡೋಣ. 54 ಗ್ರಾಂ ರಾಶಿಯ ಲೋಹದ ತುಂಡಿನ ಗಾತ್ರ 20 ಘನ ಸೆಂ.ಮೀ. ಸಾಂದ್ರತೆ ಎಷ್ಟು? ಶಿಕ್ಷಕರು ಬೇಕೆಂದೇ ತಿರುವುಮುರುವಾಗಿ ಭಾಗಿಸಿ 0.37 ಎಂದು ಬರೆಯುತ್ತಾರೆ. ಆಮೇಲೆ ಗಟ್ಟಿಯಾಗಿ, ‘ಒಂದಕ್ಕಿಂತ ಕಡಿಮೆ ಬಂತಲ್ಲ, ಹಾಗಾದರೆ ಇದು ನೀರಿನಲ್ಲಿ ತೇಲಬೇಕು. ಈಗತಾನೆ ಮುಳುಗಿದ್ದನ್ನು ನೋಡಿದೆವಲ್ಲ? ಎಲ್ಲೋ ತಪ್ಪಿದ್ದೇನೆ’ ಎನ್ನುತ್ತಾರೆ. ಮಕ್ಕಳು ಆಗ 2.7ಕ್ಕೆ ಬರುತ್ತಾರೆ.

ಇಲ್ಲಿ ತಪ್ಪನ್ನು ಹಿಡಿದದ್ದು ಬರಿಯ ‘ಮತ್ತೊಮ್ಮೆ ಪರಿಶೀಲಿಸು’ ಎಂಬ ಅಭ್ಯಾಸವಲ್ಲ. ತೇಲುವುದಕ್ಕೂ ಸಾಂದ್ರತೆಗೂ ಇರುವ ಸಂಬಂಧ ಗೊತ್ತಿಲ್ಲದ ಹುಡುಗಿ ಹತ್ತು ಸಲ ಪರಿಶೀಲಿಸಿದರೂ 0.37 ಅವಳಿಗೆ ಸರಿಯಾಗಿಯೇ ಕಾಣುತ್ತದೆ. ತನ್ನನ್ನು ತಾನು ತಿದ್ದಿಕೊಳ್ಳುವ ಶಕ್ತಿ ವಿಷಯಜ್ಞಾನದಿಂದಲೇ ಬರುತ್ತದೆ.

ಆದರೆ ಮಾರ್ಗದರ್ಶಿ ಊರೂರು ಸುತ್ತಿದ್ದು ಈ ಮಾತಿನಿಂದಲ್ಲ, ‘ಏಳು ತಿಂಗಳ ಹೆಚ್ಚುವರಿ ಪ್ರಗತಿ’ ಎಂಬ ಅಂಕಿಯಿಂದ. ಹಲವು ಪ್ರಯೋಗಗಳ ಪರಿಣಾಮವನ್ನು ಪ್ರಮಾಣ ವಿಚಲನೆಯ ಅಳತೆಯಲ್ಲಿ ಸರಾಸರಿ ಮಾಡಿ, ಅದನ್ನು ತಿಂಗಳುಗಳಿಗೆ ಪರಿವರ್ತಿಸಿದ ಸಂಖ್ಯೆ ಇದು. ಒಂದು ಪ್ರಮಾಣ ವಿಚಲನೆ ಹೆಚ್ಚುಕಡಿಮೆ ಒಂದು ವರ್ಷದ ಕಲಿಕೆಗೆ ಸಮ ಎಂಬುದು ಅದರ ಹಿಂದಿನ ಗ್ರಹಿಕೆ. ಸಣ್ಣ ತರಗತಿಗಳಿಗೆ ಇದು ಸುಮಾರಾಗಿ ಹೊಂದಬಹುದು. ಮೇಲಿನ ತರಗತಿಗಳಿಗೆ ಹೋದಂತೆ ಒಂದು ವರ್ಷದ ಗಳಿಕೆ ಇದೇ ಅಳತೆಯಲ್ಲಿ ಕುಗ್ಗುತ್ತಾ ಬರುತ್ತದೆ. ಏಳು ವರ್ಷದ ಮಗುವಿಗೂ ಹದಿನಾರರ ಹುಡುಗನಿಗೂ ಒಂದೇ ‘ತಿಂಗಳು’ ಎಂದರೆ ಅದು ಗಜಕಡ್ಡಿಯೇ ಹಿಗ್ಗಿ ಕುಗ್ಗಿದಂತೆ.

ಸಂಸ್ಥೆಯೇ ಧನಸಹಾಯ ನೀಡಿದ ಒಂದು ಪ್ರಯೋಗ ಈ ಸರಾಸರಿಯ ಹಿಂದಿನ ಏರುಪೇರನ್ನು ತೋರಿಸುತ್ತದೆ. ರಿಫ್ಲೆಕ್ಟ್‌ಇಡಿ ಎಂಬ ಕಾರ್ಯಕ್ರಮದಲ್ಲಿ ಒಂಬತ್ತು–ಹತ್ತು ವರ್ಷದ ಮಕ್ಕಳಿಗೆ ವಾರಕ್ಕೆ ಅರ್ಧ ಗಂಟೆ, ತಮ್ಮ ಕಲಿಕೆಯ ಬಗ್ಗೆ ಯೋಚಿಸುವ ಪಾಠಗಳಿದ್ದವು. 2016ರಲ್ಲಿ ಪ್ರಕಟವಾದ ಮೌಲ್ಯಮಾಪನದ ಪ್ರಕಾರ ಗಣಿತದಲ್ಲಿ ನಾಲ್ಕು ತಿಂಗಳ ಮುನ್ನಡೆ ಕಂಡಿತು, ಓದಿನಲ್ಲಿ ಎರಡು ತಿಂಗಳ ಹಿನ್ನಡೆ. ಹಿನ್ನಡೆ ಆಕಸ್ಮಿಕವೇ ಇರಬಹುದು. ಆದರೂ ಎಲ್ಲ ವಿಷಯಕ್ಕೂ ಒದಗುವ ಸಾಮಾನ್ಯ ಕೌಶಲವೊಂದು ಬೆಳೆದಿದ್ದರೆ ಓದಿನಲ್ಲಿ ಅದು ಏಕೆ ಕಾಣಲಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ.

ನನ್ನ ಮುಖ್ಯ ಆಕ್ಷೇಪ ಬೇರೆಯದು. ಮಕ್ಕಳು ತಮ್ಮ ಕಲಿಕೆಯನ್ನು ಸರಿಯಾಗಿ ಅಳೆಯಲು ಅವರಿಗೆ ಸಕಾಲಿಕ ಹಿಮ್ಮಾಹಿತಿ ಬೇಕು ಎಂಬ ವಿಚಾರ ಮಾರ್ಗದರ್ಶಿಯಲ್ಲಿ ಇದೆ. ಆದರೆ ಅದು ಬರುವುದು ಆರನೆಯ ಶಿಫಾರಸಿನಲ್ಲಿ. ಬರಬೇಕಾದದ್ದು ಮೊದಲ ಪುಟದಲ್ಲಿ. ಏಕೆಂದರೆ ಸ್ವಂತ ಅಳತೆಯೇ ತಪ್ಪಿದರೆ ಯೋಜನೆ, ಗಮನಿಕೆ, ತಿದ್ದುಪಡಿ ಎಲ್ಲವೂ ತಪ್ಪು ಬುನಾದಿಯ ಮೇಲೆ ನಿಲ್ಲುತ್ತವೆ.

ಈ ತಪ್ಪು ಎಷ್ಟು ದೊಡ್ಡದು ಎಂಬುದಕ್ಕೆ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಸಾಕ್ಷಿ. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿ ಮತ್ತೆ ಮತ್ತೆ ಓದಿತು, ಸರಾಸರಿ ಹದಿನಾಲ್ಕು ಸಲ. ಇನ್ನೊಂದು ಗುಂಪು ಒಂದೇ ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಗದ್ಯ ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಓದಿದವರು ಶೇಕಡ 83, ಬರೆದವರು ಶೇಕಡ 71 ನೆನಪಿಟ್ಟಿದ್ದರು. ಒಂದು ವಾರದ ನಂತರ ಓದಿದವರದು ಶೇಕಡ 40ಕ್ಕೆ ಕುಸಿದಿತ್ತು, ಬರೆದವರದು 61ರಲ್ಲಿತ್ತು. ಹೆಚ್ಚು ನೆನಪಿರುತ್ತದೆ ಎಂಬ ವಿಶ್ವಾಸ ಇದ್ದದ್ದು ಮಾತ್ರ ಓದಿದವರಿಗೇ! ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸನ್ನು ಮತ್ತೆ ಮತ್ತೆ ಓದಿ ‘ಎಲ್ಲಾ ಬರುತ್ತೆ’ ಎಂದು ಮಲಗುವ ನಮ್ಮ ಮಕ್ಕಳ ಸ್ಥಿತಿ ಇದೇ. ಇಂಥವರ ಕೈಗೆ ‘ನನಗೆ ಅರ್ಥವಾಗಿದೆ / ಸ್ವಲ್ಪ ಅರ್ಥವಾಗಿದೆ / ಅರ್ಥವಾಗಿಲ್ಲ’ ಎಂಬ ಪಟ್ಟಿ ಕೊಟ್ಟು ಟಿಕ್ ಹಾಕಿಸಿದರೆ ದಾಖಲೆಯಾಗುವುದು ಅವರ ಭ್ರಮೆ.

ಅಳತೆಯನ್ನು ಸರಿಪಡಿಸುವ ದಾರಿಯೂ ಗೊತ್ತಿಲ್ಲದ್ದೇನಲ್ಲ. ಕಲಿತ ತಕ್ಷಣ ‘ಇದು ನೆನಪಿರುತ್ತದೆಯೇ?’ ಎಂದು ಕೇಳುವುದಕ್ಕಿಂತ ಸ್ವಲ್ಪ ಹೊತ್ತು ಬಿಟ್ಟು ಕೇಳಿದರೆ ಅಂದಾಜು ಬಹಳ ಹೆಚ್ಚು ನಿಖರವಾಗುತ್ತದೆ ಎಂದು ಥಾಮಸ್ ನೆಲ್ಸನ್ ಮತ್ತು ಜಾನ್ ಡನ್ಲೋಸ್ಕಿ 1991ರಲ್ಲೇ ತೋರಿಸಿದ್ದರು. ಓದಿದ್ದು ಮನಸ್ಸಿನಲ್ಲಿ ಬಿಸಿಯಾಗಿರುವಾಗ ಎಲ್ಲವೂ ತಿಳಿದಂತೆ ತೋರುತ್ತದೆ, ಆರಿದ ಮೇಲೆ ಉಳಿದದ್ದೆಷ್ಟು ಎಂಬುದು ಗೊತ್ತಾಗುತ್ತದೆ.

ಹಾಗಾಗಿ ಈ ಮಾರ್ಗದರ್ಶಿಯನ್ನು ಓದುವ ಶಿಕ್ಷಕರು ಆರನೆಯ ಶಿಫಾರಸಿನಿಂದ ಆರಂಭಿಸುವುದು ಒಳ್ಳೆಯದು. ಪಾಠದ ಕೊನೆಗೆ ಪ್ರತಿ ಮಗುವೂ ‘ಇದರ ಮೇಲೆ ಐದು ಪ್ರಶ್ನೆ ಬಂದರೆ ಎಷ್ಟಕ್ಕೆ ಉತ್ತರಿಸಬಲ್ಲೆ’ ಎಂದು ನೋಟ್‌ಬುಕ್ಕಿನ ಅಂಚಿನಲ್ಲಿ ಒಂದು ಅಂಕಿ ಬರೆಯಲಿ. ಎರಡು ದಿನ ಬಿಟ್ಟು, ಪುಸ್ತಕ ಮುಚ್ಚಿಸಿ ಐದು ಪ್ರಶ್ನೆ ಕೇಳಿ. ಸರಿಯಾದವು ಎಷ್ಟೆಂಬುದನ್ನು ಆ ಅಂಕಿಯ ಪಕ್ಕದಲ್ಲೇ ಮಗುವೇ ಬರೆದುಕೊಳ್ಳಲಿ. ಎಂಟು ಹತ್ತು ಪಾಠಗಳ ನಂತರ ಎರಡು ಅಂಕಿಗಳ ಅಂತರ ಕಡಿಮೆಯಾಗುತ್ತಿದೆಯೇ ಎಂದು ನೋಡಬಹುದು. ಇದಕ್ಕೆ ಅಂಕ ಕೊಡುವ ಗೋಜಿಗೆ ಹೋಗಬಾರದು. ಅಂಕ ಸಿಗುತ್ತದೆಂದರೆ ಮಕ್ಕಳು ಮೊದಲ ಅಂಕಿಯನ್ನೇ ತಿದ್ದಿಬಿಡುತ್ತಾರೆ.