ಬಿಲ್ಡ್ ಯಂತ್ರದ ಕೈಯಲ್ಲಿ ತಾಲ್ಲೂಕಿನ ದಾಖಲೆ
1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಆಮೇಲೆ ಹೊನ್ನಾಳಿಯನ್ನು ಒಡೆದು ನ್ಯಾಮತಿ ತಾಲ್ಲೂಕಾಯಿತು. ಗಡಿ ಬದಲಾಗಲು ಒಂದು ಅಧಿಸೂಚನೆ ಸಾಕು. ಆದರೆ ಪಹಣಿಗಳೆಲ್ಲ 'ಭೂಮಿ'ಯಂಥ ತಂತ್ರಾಂಶದೊಳಗೆ ಸೇರಿದ ಮೇಲೆ, ಹೊಸ ತಾಲ್ಲೂಕಿನ ಪ್ರತಿ ಹಳ್ಳಿಯ ಸಂಕೇತವೂ ಡೇಟಾಬೇಸಿನಲ್ಲಿ ಬದಲಾಗಬೇಕು. ಇಂಥದ್ದನ್ನು ಒಬ್ಬರು ಕೂತು ಕೈಯಾರೆ ಟೈಪ್ ಮಾಡುವುದಕ್ಕಿಂತ, ಆಜ್ಞೆಗಳನ್ನು ಫೈಲಿನಲ್ಲಿ ಬರೆದಿಟ್ಟು ಜೆಂಕಿನ್ಸ್‌ನಂಥ ಬಿಲ್ಡ್ ಯಂತ್ರದಿಂದ ಓಡಿಸುವುದೇ ಅಚ್ಚುಕಟ್ಟಾದ ಕಸುಬು. ಅದೇ ಫೈಲು ಮೊದಲು ಪರೀಕ್ಷೆಯ ಪ್ರತಿಯ ಮೇಲೆ, ಆಮೇಲೆ ಅಸಲಿನ ಮೇಲೆ, ಒಂದಕ್ಷರವೂ ಬದಲಾಗದೆ ಓಡುತ್ತದೆ; ಯಾವುದು ಓಡಿತೆಂಬುದನ್ನು ಫ್ಲೈವೇಯಂಥ ಸಾಧನ ಡೇಟಾಬೇಸಿನೊಳಗೇ ಒಂದು ಟೇಬಲಿನಲ್ಲಿ ಬರೆದಿಡುತ್ತದೆ.

ಯಂತ್ರಕ್ಕೆ ಅನುಮಾನವೇ ಬರುವುದಿಲ್ಲ, ತಪ್ಪು ಆಜ್ಞೆಯನ್ನೂ ಕಣ್ಣುಮುಚ್ಚಿ ನಡೆಸುತ್ತದೆ ಎನ್ನುವವರಿದ್ದಾರೆ. ನಿಜವೇ. ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಆಜ್ಞೆ ಕಳಿಸುವ 'ಪಿಎಸ್‌ಕ್ಯೂಎಲ್'ಗೆ ಫೈಲು ಕೊಟ್ಟರೆ, ನಡುವೆ ಒಂದು ಆಜ್ಞೆ ಎಡವಿದರೂ ಅದು ಮುಂದಿನದಕ್ಕೆ ದಾಟಿ, ಕೊನೆಗೆ 0, ಅಂದರೆ ಎಲ್ಲ ಸರಿ, ಎಂದು ಹೇಳಿಬಿಡುತ್ತದೆ. ಬಿಲ್ಡ್ ಹಸಿರು, ಹಳ್ಳಿಗಳು ಮಾತ್ರ ಕೆಲವು ಹೊನ್ನಾಳಿಯಲ್ಲಿ, ಕೆಲವು ನ್ಯಾಮತಿಯಲ್ಲಿ! ಆದರೆ ಇದಕ್ಕೆ ಮದ್ದೂ ಅಲ್ಲೇ ಇದೆ. 'ಆನ್ ಎರರ್ ಸ್ಟಾಪ್' ಹೊಂದಿಸಿದರೆ ಎಡವಿದಲ್ಲೇ ನಿಂತು 3 ಎನ್ನುತ್ತದೆ, ಬಿಲ್ಡ್ ಕೆಂಪಾಗುತ್ತದೆ. ಇಡೀ ಫೈಲನ್ನು ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಕಟ್ಟಿದರೆ ಅರೆಬರೆ ಬದಲಾವಣೆ ಉಳಿಯುವುದಿಲ್ಲ. ಟೇಬಲಿನ ರಚನೆ ತಿದ್ದಿದ್ದನ್ನೂ ಪೋಸ್ಟ್‌ಗ್ರೆಸ್ ಹೀಗೆ ಹಿಂದೆಗೆಯುತ್ತದೆ. ಇನ್ನೊಂದು ಡೇಟಾಬೇಸಾದ ಮೈಎಸ್‌ಕ್ಯೂಎಲ್‌ಗೆ ಆ ಸೌಜನ್ಯವಿಲ್ಲ: ರಚನೆ ಮುಟ್ಟಿದೊಡನೆ ಅಲ್ಲಿಯವರೆಗಿನದನ್ನು ಖಾಯಂ ಮಾಡಿಬಿಡುತ್ತದೆ. ಅಲ್ಲಿ ಪ್ರತಿ ರಚನಾ ಬದಲಾವಣೆಗೂ ಬೇರೆ ಫೈಲು ಬರೆಯುವುದೇ ಕ್ಷೇಮ.